ಎದುರು ಪಕ್ಷಕ್ಕೆ ಒಪ್ಪಿಸಿದ ಹಣ

ಜೀವಗಳು ಒಂದಕ್ಕೊಂದು ನೆರವಾಗುವುದೇ ಜೀವದ್ರವ್ಯದ ಉಪಕಾರವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ನಿರೂಪಿಸಿರುವರು. ಆ ನೆರವು ರಾಜಾಜ್ಞೆಯಿಂದ ಬಂದರೆ ಅದನ್ನು ಸಹಕಾರವೆನ್ನಬಹುದೆ?

1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದೆಡೆಯ ಜೈನರು ಶ್ರೀವೈಷ್ಣವರಿಂದಾಗುವ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಉಭಯ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಇಷ್ಟೇ ಆಗಿದ್ದರೆ ಅದೊಂದು ಸಮಾರಂಭವಾಗಿ ಮುಗಿಯುತ್ತಿತ್ತು. ಆದರೆ ಶ್ರವಣಬೆಳಗೊಳದ ಶಾಸನವು ಲೆಕ್ಕವನ್ನೂ ಬರೆದಿರಿಸಿದೆ. ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ 20 ಕಾವಲಾಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು.

ಹಣ ಜೈನರದು, ವಿನಿಯೋಗ ವೈಷ್ಣವರದು! ಯಾರ ಮೇಲೆ ದೂರಿತ್ತೋ ಅವರಿಗೇ ಒಪ್ಪಿಸಿದ ಈ ನಂಬಿಕೆಯ ತೂಕವನ್ನು ವರ್ತಕರು ಬಲ್ಲರು. ಇಂದು ನಂದಿನಿ ಲೇಔಟಿನಂತಹ ಬಡಾವಣೆಯಲ್ಲಿ ಒಂದು ಮಂದಿರದ ಟ್ರಸ್ಟು ಉತ್ಸವದ ದಿನ ನೆರೆಯ ಟ್ರಸ್ಟಿನವರಿಗೆ ಹಾರ ಹಾಕೀತು. ಹುಂಡಿಯ ಬೀಗದ ಕೈ ಕೊಟ್ಟೀತೆ? ತನ್ನದೇ ಸಮಾಜದ ಇನ್ನೊಂದು ಟ್ರಸ್ಟಿಗೆ ಕೊಡುವುದೂ ಸಂದೇಹವೇ.

ಆಜ್ಞೆಯು ಹಣವನ್ನು ವಸೂಲು ಮಾಡಿಸಬಲ್ಲದು, ಕಾವಲು ಹಾಕಿಸಬಲ್ಲದು. ಅಲ್ಲಿಂದಾಚೆಗಿನದನ್ನು ಶಾಸನದ ಕೊನೆಯ ಸಾಲುಗಳಲ್ಲಿ ಕಾಣಬೇಕು. ಕಲ್ಲೇಹದ, ಎಂದರೆ ಮಾಗಡಿ ತಾಲ್ಲೂಕಿನ ಈಗಿನ ಕಲ್ಯದ, ಬುಸುವಿ ಸೆಟ್ಟಿಯು ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಅರಸನ ಕಟ್ಟಳೆಯಲ್ಲಿ ಎಲ್ಲಿಯೂ ಇರದ ಸಂಘನಾಯಕ ಪಟ್ಟವನ್ನು ಉಭಯ ಸಮಯದವರೂ ಕೂಡಿ ಆ ಸೆಟ್ಟಿಗೆ ಕಟ್ಟಿದರು.