ಆಕಾಶದಲ್ಲಿ ಆಯುಧ

ಲೈಸೆನ್ಸ್ ಇರುವ ಬಂದೂಕನ್ನು ವಿಮಾನದಲ್ಲಿ ಒಯ್ಯಬಹುದಾ? ಒಯ್ಯಬಹುದು, ಆದರೆ ಕೈಚೀಲದಲ್ಲಲ್ಲ. ಗುಂಡು ತೆಗೆದು, ಚೆಕ್-ಇನ್ ಕೌಂಟರಿನಲ್ಲಿ ‘ನನ್ನ ಹತ್ರ ಬಂದೂಕಿದೆ’ ಅಂತ ಬಾಯಿಬಿಟ್ಟು ಹೇಳಿ, ಕಾಗದಪತ್ರ ತೋರಿಸಿ, ಲಗೇಜಿನ ಜೊತೆ ವಿಮಾನದ ಹೊಟ್ಟೆಗೆ ಕಳಿಸಬೇಕು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸೇ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಂಡ ಆ ಕೋವಿಗೂ ಕ್ಯಾಬಿನ್ನಿನೊಳಗೆ ಜಾಗ ಇಲ್ಲ.

ಹಕ್ಕು ಇದ್ದವನನ್ನೂ ಹೀಗೆ ಅನುಮಾನಿಸೋದು ಅವಮಾನ ಅಲ್ವಾ? ನನಗೆ ಹಾಗನ್ನಿಸಲ್ಲ. ಲೈಸೆನ್ಸು ಹೇಳುವುದು ಸರ್ಕಾರ ಅವನನ್ನು ನಂಬಿದೆ ಅಂತ ಮಾತ್ರ. ಪಕ್ಕದ ಸೀಟಿನವರು ಆ ಕಾಗದ ನೋಡಿಲ್ಲ. ನಡು ಆಕಾಶದಲ್ಲಿ ಅವರು ಎದ್ದು ಹೋಗೋಕೂ ಆಗಲ್ಲ. ಅಂಥವರ ನಡುವೆ ಆಯುಧ ಇಟ್ಟುಕೊಂಡು ‘ನಾನು ಒಳ್ಳೆಯವನು’ ಅಂದರೆ ಸಾಕಾ?

ನಮ್ಮ ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟ ನೆನಪಾಗುತ್ತೆ. ಆಕಾಶದಲ್ಲಿ ರಾವಣನ ಕತ್ತಿಗೆ ರೆಕ್ಕೆ ಕಳಕೊಂಡ ಜಟಾಯು ಬಿದ್ದದ್ದು ಇಲ್ಲೇ ಅಂತಾರೆ ನಮ್ಮ ಕಡೆ. ಅದೇ ಬೆಟ್ಟದ ಬಂಡೆಯ ಮೇಲೆ, ಸವೆದುಹೋದ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಹಿರಿಯರ ಮಾತು ಕೇಳಿ, ಜೀವಿಗಳಲ್ಲಿ ದಯೆ ಇಡಿ, ನಿಜ ಹೇಳಿ ಅನ್ನೋದು ಅದರ ಸಾರ. ಬರೆಸಿದವನು ಕಳಿಂಗ ಗೆದ್ದ ಚಕ್ರವರ್ತಿ, ಆಯುಧವಿಲ್ಲದ ಸನ್ಯಾಸಿಯಲ್ಲ.

ಆಯುಧ ಇರೋದೇ ತಪ್ಪಲ್ಲ. ಇದೆ ಅಂತ ನಿಜ ಹೇಳಿ, ಗುರುತಿಲ್ಲದವರ ನೆಮ್ಮದಿಗಾಗಿ ಎರಡು ಗಂಟೆ ಅದನ್ನು ದೂರ ಇಡೋದು ಸೋಲೂ ಅಲ್ಲ. ಕೌಂಟರಿನಲ್ಲಿ ಕೇಳೋದೂ ಅಷ್ಟೇ: ಸ್ವಲ್ಪ ಸತ್ಯ, ಸ್ವಲ್ಪ ದಯೆ.