ಗೃಹಸ್ಥಧರ್ಮವೂ ನೆರೆಯ ವನ್ಯಜೀವಿಗಳೂ



ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ನಾರದರು ಧರ್ಮರಾಜನಿಗೆ ಗೃಹಸ್ಥಧರ್ಮವನ್ನು ಉಪದೇಶಿಸುವ ಪ್ರಸಂಗವಿದೆ. ಜಿಂಕೆ, ಕೋತಿ, ಇಲಿ, ಹಾವು, ಹಕ್ಕಿ, ನೊಣ ಮೊದಲಾದವನ್ನು ಗೃಹಸ್ಥನು ತನ್ನ ಮಕ್ಕಳಂತೆ ಕಾಣತಕ್ಕದ್ದೆಂದು ಅಲ್ಲಿ ವಿಧಿಯಿದೆ. ಆ ಪಟ್ಟಿಯನ್ನು ಸಜ್ಜನರು ಗಮನಿಸಬೇಕು. ಅದರಲ್ಲಿ ಗೋವಿನ ಹೆಸರಿಲ್ಲ. ನಾವು ಕಂಡೊಡನೆ ಓಡಿಸುವ ಪ್ರಾಣಿಗಳೇ ಹೆಚ್ಚಾಗಿವೆ.

ಸೋಲದೇವನಹಳ್ಳಿಯಲ್ಲಿ ವಾಸಿಸುವವರಿಗೆ ಇದು ಕೇವಲ ಪುರಾಣಶ್ರವಣದ ವಿಷಯವಲ್ಲ. ಪಕ್ಕದಲ್ಲಿಯೇ ಹೆಸರಘಟ್ಟವಿದೆ. ಬೆಂಗಳೂರಿಗೆ ನೀರೊದಗಿಸಲೆಂದು 1894ರಲ್ಲಿ ನಿರ್ಮಿಸಿದ ಅರ್ಕಾವತಿಯ ಕೆರೆಯೂ ಅದರ ಬಳಿಯ ಹುಲ್ಲುಗಾವಲೂ ಅಲ್ಲಿವೆ, ಚಿರತೆಯೂ ಉಂಟು. 5,000 ಎಕರೆಗೂ ಮಿಕ್ಕ ಆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿಯು 2024ರಲ್ಲಿ ಸಮ್ಮತಿಸಿತು. ಹೊಲತೋಟಗಳು ಬಡಾವಣೆಗಳಾದ ಮೇಲೆ ಬಂದವರು ನಾವು. ಹಾವು ಕೋತಿಗಳಾದರೋ ಮೊದಲಿನಿಂದ ಇದ್ದವು.

ಮುಖ್ಯಪ್ರಾಣದೇವರ ಉಪಾಸಕರಾದ ನಮಗೆ ಕಪಿಯನ್ನು ಕಂಡರೆ ಭಕ್ತಿಯುಂಟಾಗುವುದು ಸಹಜ. ಶನಿವಾರ ಬಂದರೆ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಲ್ಲುವವರಿದ್ದಾರೆ. ಆದರೆ ಹನುಮಂತದೇವರು ಜೀವೋತ್ತಮರು. ಗೋಡೆಯ ಮೇಲಿನ ಕೋತಿ ಬೇರೊಂದು ಜೀವ. ಪಂಚಭೇದವನ್ನು ಸಾರಿದ ಶ್ರೀಮದಾಚಾರ್ಯರ ಅನುಯಾಯಿಗಳು ಇಷ್ಟು ಭೇದವನ್ನು ಮರೆಯಬಾರದು. ಕೈಯಿಂದ ತಿಂದು ರೂಢಿಯಾದ ಕೋತಿ ನಾಳೆ ಬರಿಗೈಯನ್ನೂ ಹಿಡಿದೆಳೆಯುತ್ತದೆ. ಕಚ್ಚಿಸಿಕೊಳ್ಳುವುದು ಶಾಲೆಗೆ ಹೊರಟ ಮಗು. ಆಗ ಹಣ್ಣು ಕೊಟ್ಟವರೇ ಬೋನು ಇಡಿಸಲು ಅರ್ಜಿ ಬರೆಯುತ್ತಾರೆ. ಹಿಡಿದು ದೂರ ಬಿಟ್ಟರೂ ಮನೆಯ ಅನ್ನಕ್ಕೆ ಒಗ್ಗಿದ ಗುಂಪು ಅಲ್ಲಿನ ಹಳ್ಳಿಗಳಿಗೇ ಇಳಿಯುತ್ತದೆ. ಮಕ್ಕಳಂತೆ ಕಾಣು ಎಂದರೆ ಕೇಳಿದ್ದನ್ನೆಲ್ಲ ಕೊಟ್ಟು ಕೆಡಿಸು ಎಂದರ್ಥವೇ? ಸ್ವಂತ ಮಗನನ್ನು ಹಾಗೆ ಬೆಳೆಸಿದ ತಂದೆಯನ್ನು ನಾವೇ ಆಡಿಕೊಳ್ಳುತ್ತೇವೆ.

ಹಾಗಾದರೆ ಪ್ರಾಣಿಗಳಿಗೆ ಅನ್ನವಿಡುವುದು ಬೇಡವೇ ಎಂಬ ಪ್ರಶ್ನೆ ಏಳುತ್ತದೆ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ವೈಶ್ವದೇವವಾದ ಮೇಲೆ ಬಲಿಹರಣ ಉಂಟು. ಅದಕ್ಕೆ ಕಾಲ, ಸ್ಥಳ, ಅಳತೆಗಳಿವೆ. ನಮ್ಮ ತೀರ್ಥರೂಪರು ಅದಕ್ಕೆ ಒಂದು ಹಿಡಿಗಿಂತ ಹೆಚ್ಚು ಅನ್ನ ತೆಗೆದುದನ್ನು ನಾನು ಕಂಡಿಲ್ಲ. ಬೀದಿಯ ಮೂಲೆಗೆ ಸುರಿಯುವ ಸಂತರ್ಪಣೆಯ ಎಂಜಲೆಲೆ ಭೂತಯಜ್ಞವಲ್ಲ. ಎಂಜಲಿಗೆ ಇಲಿ, ಇಲಿಯ ಹಿಂದೆ ಹಾವು. ಎಂಜಲಿಗೆ ನಾಯಿ, ನಾಯಿಯ ಹಿಂದೆ ಚಿರತೆ. ಚಿರತೆ ಬಂದಿತೆಂದರೆ ಗುಂಪುಗೂಡಿ ಅಟ್ಟಿಸಿಕೊಂಡು ಹೋಗುವುದು ಅಪಾಯಕರ. ನಗರದ ದಕ್ಷಿಣಕ್ಕಿರುವ ಕೂಡ್ಲು ಬಳಿ ವಸತಿ ಪ್ರದೇಶಕ್ಕೆ ಬಂದಿದ್ದ ಚಿರತೆಯು 2023ರ ನವೆಂಬರ್ 1ರಂದು, ಹಿಡಿಯುವ ಪ್ರಯತ್ನದಲ್ಲಿ ಸಿಬ್ಬಂದಿಯ ಮೇಲೆರಗಿ, ಗುಂಡಿಗೆ ಬಲಿಯಾಯಿತು.

ಇನ್ನು ನಾಗರಹಾವು. ಪಂಚಮಿಯಂದು ಕಲ್ಲಿಗೆ ತನಿ ಎರೆಯುತ್ತೇವೆ, ಘಾಟಿಗೆ ಹೋಗಿ ಹರಕೆ ತೀರಿಸುತ್ತೇವೆ. ಹಿತ್ತಲಲ್ಲಿ ಬಡಪಾಯಿ ಕೇರೆಹಾವು ಸುಳಿದರೂ ದೊಣ್ಣೆ ಹುಡುಕುತ್ತೇವೆ. ಬಾಲಕ ವಾಸುದೇವನು ಸರ್ಪವನ್ನು ಅಂಗುಷ್ಠದಿಂದ ಮೆಟ್ಟಿ ಕೊಲ್ಲಲಿಲ್ಲವೇ ಎಂದು ಕೆಲವರು ಸುಮಧ್ವವಿಜಯವನ್ನೇ ಮುಂದಿಡುತ್ತಾರೆ. ಅದು ಕೊಲ್ಲಲೆಂದೇ ಸರ್ಪರೂಪದಿಂದ ಹೊಂಚುಹಾಕಿದ್ದ ಮಣಿಮಂತನೆಂಬ ಅಸುರ. ನಿಮ್ಮ ಸೌದೆಯ ರಾಶಿಯಲ್ಲಿರುವುದು ಇಲಿಯನ್ನು ಅರಸಿ ಬಂದ ಹಾವು. ಅದನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ದೂರ ನಿಂತು, ಮಕ್ಕಳನ್ನು ಒಳಗೆ ಕರೆದು, ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಸೌದೆ, ಇಟ್ಟಿಗೆಗಳ ರಾಶಿಯನ್ನು ಗೋಡೆಗೆ ತಾಗಿಸಿ ಇಡಬೇಡಿ. ರಾತ್ರಿ ಹಿತ್ತಲಿಗೆ ದೀಪವಿಲ್ಲದೆ ಹೋಗಬೇಡಿ. ದೈವವಶಾತ್ ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷದ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ತತ್‌ಕ್ಷಣ ಕರೆದೊಯ್ಯಬೇಕು. ಮಂತ್ರಜಪವನ್ನು ದಾರಿಯಲ್ಲಿ ಮಾಡಬಹುದು.

ಶ್ರೀಕೃಷ್ಣಾರ್ಪಣಮಸ್ತು