ಮಲ್ಲವಿದ್ಯೆಯೂ ಶ್ರಾವಕಧರ್ಮವೂ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಶ್ರಾವಕನು ತನ್ನ ಮಕ್ಕಳಿಗೆ ಹೊಡೆಯುವ, ಕೆಡಹುವ ವಿದ್ಯೆಯನ್ನು ಕಲಿಸಬಹುದೇ? ಶಿವಮೊಗ್ಗ, ಭದ್ರಾವತಿಗಳಲ್ಲಿ ನಮ್ಮ ಮಕ್ಕಳು ಕರಾಟೆ ತರಗತಿಗೆ ಹೊರಟಾಗ ಮನೆಯ ಹಿರಿಯರಲ್ಲಿ ಈ ಸಂದೇಹ ಏಳುವುದು ಸಹಜ. ಅದರಿಂದ ಶೀಲ ಬೆಳೆಯುತ್ತದೆ ಎಂಬುದು ಒಂದು ಪಕ್ಷ. ಕ್ರೌರ್ಯ ಬೆಳೆಯುತ್ತದೆ ಎಂಬುದು ಇನ್ನೊಂದು.

ನಮ್ಮಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಸಂಕಲ್ಪೀ ಹಿಂಸೆ ಗೃಹಸ್ಥನಿಗೆ ಸರ್ವಥಾ ತ್ಯಾಜ್ಯ. ಆತ್ಮರಕ್ಷಣೆಗಾಗಿ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಯನ್ನು ಮಾತ್ರ ಅವನು ಪೂರ್ಣವಾಗಿ ಬಿಡಲಾರ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ಸೇನಾನಿಯಾಗಿದ್ದನು. ಆದುದರಿಂದ ವಿದ್ಯೆ ನಿಷಿದ್ಧವಲ್ಲ. ಆದರೆ ನಿಷಿದ್ಧವಲ್ಲದ್ದೆಲ್ಲವೂ ಶೀಲವರ್ಧಕವೆಂದು ಹೇಳಲಾಗದು.

ಗರಡಿಮನೆಯ ಕಟ್ಟುಪಾಡು ಗೌರವಾರ್ಹವಾದುದು. ಕೆಮ್ಮಣ್ಣಿಗೆ ನಮಿಸಿ ಒಳಗಿಳಿಯುವುದು, ಮುಂಜಾನೆಯ ಸಾಮು, ವ್ಯಸನತ್ಯಾಗ, ಗುರುವಿಗೆ ವಿಧೇಯತೆ — ಇವೆಲ್ಲ ದೇಹವನ್ನು ಹದಗೊಳಿಸುತ್ತವೆ. ಆದರೆ ಹಾಗೆ ಗಳಿಸಿದ ತೋಳಬಲವನ್ನೇ ಸಾಲವಸೂಲಿಗೆ, ಬೆದರಿಕೆಗೆ ಬಾಡಿಗೆ ಕೊಟ್ಟವರೂ ಉಂಟು. 1923ರಲ್ಲಿ ಕಬ್ಬಿಣದ ತಯಾರಿಕೆ ಆರಂಭವಾದ ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಬ್ಬಿಣವು ನೇಗಿಲಿನ ಕುಳವೂ ಆದೀತು, ಮಚ್ಚೂ ಆದೀತು.

ಇಲ್ಲಿ ನಮಗೆ ದಾರಿ ತೋರುವುದು ಪಂಪನು 941ರಲ್ಲಿ ಆದಿಪುರಾಣದಲ್ಲಿ ಹೇಳಿದ ಭರತ–ಬಾಹುಬಲಿಯರ ಕಥೆ. ಇಬ್ಬರೂ ಆದಿದೇವನ ಮಕ್ಕಳು. ಇಬ್ಬರಿಗೂ ಅವನೇ ವಿದ್ಯಾಗುರು. ಸೈನ್ಯಗಳ ಕೊಲೆ ತಪ್ಪಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದವು. ಸೋತ ಭರತನು ನಿಯಮ ಮೀರಿ ತಮ್ಮನ ಮೇಲೆ ಚಕ್ರವನ್ನು ಬಿಟ್ಟನು. ಗೆದ್ದ ಬಾಹುಬಲಿಯು ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಗುರು ಒಬ್ಬನೇ, ಫಲ ಎರಡು. ಭೇದವಿದ್ದುದು ಪಟ್ಟಿನಲ್ಲಿ ಅಲ್ಲ, ಕಷಾಯದಲ್ಲಿ. ಅಷ್ಟೇ ಅಲ್ಲ, ಒಂದು ವರ್ಷ ಅಚಲವಾಗಿ ನಿಂತ ಆ ಮಹಾದೇಹಕ್ಕೂ, ಅಣ್ಣನನ್ನು ಕುರಿತ ಒಂದು ಎಳೆಯಷ್ಟು ಚಿಂತೆ ಉಳಿದಿದ್ದರಿಂದ ಕೇವಲಜ್ಞಾನ ತಡವಾಯಿತು. ದೇಹದ ಸಾಧನೆ ಅಲ್ಲಿಯವರೆಗೆ ಮಾತ್ರ ಒಯ್ಯಬಲ್ಲದು.

ಹಾಗಾದರೆ ವಿದ್ಯೆಯಿಂದ ಪ್ರಯೋಜನವೇ ಇಲ್ಲವೇ? ಇದೆ. ಹೊಡೆಯಲಾರದವನು ಹೊಡೆಯದಿರುವುದು ಕ್ಷಮೆಯೋ ಅಂಜಿಕೆಯೋ ಎಂಬುದು ಅವನಿಗೇ ತಿಳಿಯದು. ಶಕ್ತಿಯುಳ್ಳವನು ಕೈ ತಡೆದಾಗಲೇ ಕ್ಷಮೆಗೆ ಪರೀಕ್ಷೆ. ವಿದ್ಯೆ ಆ ಪರೀಕ್ಷೆಯ ಸಂದರ್ಭವನ್ನು ಒದಗಿಸುತ್ತದೆ. ಉತ್ತೀರ್ಣಗೊಳಿಸುವ ಹೊಣೆ ಮನೆಯದು, ಬಸದಿಯದು.

ಆದುದರಿಂದ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ತರಬೇತಿಗೆ ಕಳುಹಿಸಲು ಅಳುಕಬೇಕಾಗಿಲ್ಲ. ಕಳುಹಿಸುವ ಮೊದಲು ಆ ಗುರುವು ಸೋತ ಶಿಷ್ಯನನ್ನು ಹೇಗೆ ನಡೆಸಿಕೊಳ್ಳುತ್ತಾನೆಂದು ನೋಡಿರಿ. ಬಸದಿಯ ಸಭಾಭವನವನ್ನು ತರಬೇತಿಗೆ ಬಿಟ್ಟುಕೊಡುವ ಧರ್ಮದರ್ಶಿಗಳು ಅದೇ ಮಕ್ಕಳಿಗೆ ಅಲ್ಲಿಯೇ ಸಾಮಾಯಿಕಕ್ಕೂ ಚಾಪೆ ಹಾಸಲಿ. ಗೆದ್ದುಬಂದ ಮಗನನ್ನು ಪದಕವೆಲ್ಲಿ ಎಂದು ಕೇಳುವ ತಂದೆತಾಯಿಗಳು, ಸೋತವನನ್ನು ಕೈಹಿಡಿದು ಎಬ್ಬಿಸಿದೆಯಾ ಎಂದೂ ಕೇಳಲಿ.